ಹಗರೆಯ ಕಣದಲ್ಲಿ ಟೆನಿಸ್ ಕಲಿತವಳು

ನನಗೆ ಆಟಗಳೆಂದರೆ ಅಷ್ಟಕ್ಕಷ್ಟೇ. ಬೇಲೂರಿನ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ನನ್ನ ಪೀರಿಯಡ್ಡನ್ನು ಆಟದ ಮೇಷ್ಟ್ರು ಕಸಿದುಕೊಂಡು ಮಕ್ಕಳನ್ನು ಬಯಲಿಗೆ ಅಟ್ಟಿದಾಗಲೆಲ್ಲ ಅವರ ಜೊತೆ ಮಾತು ಬಿಟ್ಟಿದ್ದೇನೆ. ಅಂಥವಳು ಈಗ ಬೆಳಿಗ್ಗೆ ಪೇಪರು ಬಿದ್ದ ಕೂಡಲೇ ಅದನ್ನು ಹಿಂದಿನ ಪುಟದಿಂದ ತೆರೆಯುತ್ತೇನೆ. ಕ್ರೀಡಾಪುಟದ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೊರದೇಶದ ಟೆನಿಸ್ ಫಲಿತಾಂಶ ಹಾಕಿರುತ್ತಾರಲ್ಲ, ಅಲ್ಲಿ ಒಂದು ಹೆಸರನ್ನು ಹುಡುಕುತ್ತೇನೆ. ಸಿಕ್ಕ ದಿನ ಕಾಫಿಗೆ ಸಕ್ಕರೆ ಕಡಿಮೆಯಾದರೂ ಗೊತ್ತಾಗುವುದಿಲ್ಲ.

ಆ ಹೆಸರನ್ನು ಪೇಪರಿನವರು ಒಂದೊಂದು ದಿನ ಒಂದೊಂದು ಥರ ಬರೆಯುತ್ತಾರೆ. ನಾನಂತೂ ಇಲ್ಲಿ ಬರೆಯುವುದಿಲ್ಲ. ಬರೆದರೆ, "ನನ್ ಹೆಸರು ಯಾಕಕ್ಕಾ ಕೆಡಿಸ್ತೀರಾ?" ಎಂದು ಎಲ್ಲಿದ್ದರೂ ಅಲ್ಲಿಂದಲೇ ಫೋನು ಮಾಡುತ್ತಾಳೆ. ನಮ್ಮ ಬೀದಿಯಲ್ಲಿ ಅವಳು ಮೊದಲಿನಿಂದಲೂ ಬರೀ "ಮಗ". ನಮ್ಮ ಅತ್ತೆಯವರು ಹಾಗೆ ಕರೆದರು, ಬೀದಿಯೆಲ್ಲ ಹಾಗೆಯೇ ಕರೆಯಿತು.

ಅವಳ ದೇಶ ಚೆಕ್ ಗಣರಾಜ್ಯ. ಅವಳ ತಾಯಿ ನಮ್ಮ ಕಡೆಯ ದೇವಸ್ಥಾನಗಳ ಶಿಲ್ಪದ ಮೇಲೆ ಸಂಶೋಧನೆ ಮಾಡಲು ಬಂದವರು. ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು, ದಿನಾ ಬೆಳಿಗ್ಗೆ ಹಳೇಬೀಡಿನ ಬಸ್ಸು ಹತ್ತಿ, ಸಂಜೆ ಬಿಸಿಲಿಗೆ ಟೊಮೇಟೊ ಹಣ್ಣಿನಂತಾಗಿ ಇಳಿಯುತ್ತಿದ್ದರು. ಆ ತಾಯಿ ಕನ್ನಡವನ್ನು ತಮ್ಮ ದೇಶದಲ್ಲೇ ಪುಸ್ತಕ ಹಿಡಿದು ಕಲಿತಿದ್ದರು. "ತಮ್ಮ ಗೃಹದಲ್ಲಿ ಇಂದು ನೀರು ಬರುತ್ತಿರುವುದೇ?" ಎಂದು ಕೇಳಿದರೆ ನಮ್ಮ ಅತ್ತೆಯವರು ನನ್ನ ಮುಖ ನೋಡುತ್ತಿದ್ದರು. ಮಗಳು ಹಾಗಲ್ಲ. ಒಂಬತ್ತು ವರ್ಷದ ಆ ಹುಡುಗಿ ಪುಸ್ತಕ ಮುಟ್ಟದೆ, ಅತ್ತೆಯವರ ಸೆರಗು ಹಿಡಿದು ಓಡಾಡಿಯೇ ಕನ್ನಡ ಕಲಿತುಬಿಟ್ಟಳು. ಅತ್ತೆಯವರು ಹಾಸನದ ದಾರಿಯಲ್ಲಿ ಸಿಗುವ ಹಗರೆಯ ಕಡೆ ಹುಟ್ಟಿ ಬೆಳೆದ ಒಕ್ಕಲುಮನೆಯ ಹೆಂಗಸು. ಆರು ತಿಂಗಳಲ್ಲಿ ಈ ಹಳದಿ ಕೂದಲಿನ ಹುಡುಗಿಯ ಬಾಯಲ್ಲಿ ಹಗರೆಯ ಮುದುಕಿಯೊಬ್ಬಳು ಕೂತು ಮಾತಾಡುತ್ತಿದ್ದಳು.

ಅವಳನ್ನು ನಮ್ಮ ಶಾಲೆಗೇ ಸೇರಿಸಿದ್ದರು. ಒಂದು ದಿನ ಕ್ಲಾಸಿನಲ್ಲಿ, "ಐತೆ ಅಲ್ಲ ಕಣೇ, ಇದೆ ಅನ್ನಬೇಕು" ಎಂದು ತಿದ್ದಿದೆ.

"ಸ್ಕೂಲಲ್ಲಿ ಇದೆ ಅಂತೀನಿ ಮೇಡಂ. ಮನೇಲಿ ಐತೆ" ಎಂದಳು. ಅಲ್ಲಿಗೆ ಆ ವ್ಯವಹಾರ ಮುಗಿಯಿತು. ಶಾಲೆಯಲ್ಲಿ ನಾನು ಮೇಡಂ, ಮನೆಯ ಹೊಸ್ತಿಲು ದಾಟಿದರೆ ಅಕ್ಕ. ಈ ಎರಡನ್ನು ಅವಳು ಒಂದು ದಿನವೂ ಅದಲುಬದಲು ಮಾಡಲಿಲ್ಲ.

ನಡೆಯುವುದು ಅವಳಿಗೆ ಗೊತ್ತಿರಲಿಲ್ಲ, ಓಡುವುದೇ. ಸಿಟ್ಟು ಬಂದರೆ ಜಡೆಯ ತುದಿ ಕಚ್ಚಿಕೊಂಡು, ಸೊಂಟದ ಮೇಲೆ ಕೈಯಿಟ್ಟು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಬೇರೆಯವರನ್ನು ಬೈದದ್ದನ್ನು ನಾನು ಕಾಣೆ. ತನ್ನನ್ನು ಮಾತ್ರ ಅತ್ತೆಯವರು ಎಮ್ಮೆಯನ್ನು ಬೈಯುವ ಹಾಗೆ ಬೈದುಕೊಳ್ಳುವಳು. ಒಂದು ದಿನ ಹೋಂವರ್ಕಿನ ಲೆಕ್ಕ ತಪ್ಪಿದ್ದಕ್ಕೆ ಮಹಡಿಯ ಮೆಟ್ಟಿಲ ಮೇಲೆ ಕೂತು, "ನಿನ್ ತಲೇಲೇನು ಹುಲ್ಲು ತುಂಬ್ಕಂಡಿದೀಯೇನೇ?" ಎಂದು ತನ್ನನ್ನೇ ಕೇಳುತ್ತಿದ್ದಳು. ಕೆಳಗೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯವರು, "ಯಾರ್ನವ್ವ ಬೈತಿದೀಯ?" ಎಂದರು. "ನನ್ನೇ ಅಜ್ಜಿ." "ಹಂಗಾರೆ ಬೈಕ" ಎಂದು ಅವರು ಮತ್ತೆ ಕಾಯಿ ಸುಲಿಯತೊಡಗಿದರು.

ಬರುವಾಗಲೇ ಒಂದು ರ‍್ಯಾಕೆಟ್ಟು ತಂದಿದ್ದಳು. ಅವರ ಊರಿನಲ್ಲಿ ಚಿಕ್ಕ ಮಕ್ಕಳಿಗೆ ಟೆನಿಸ್ ಹೇಳಿಕೊಡುವುದು ನಮ್ಮಲ್ಲಿ ಮಗ್ಗಿ ಹೇಳಿಸಿದಷ್ಟೇ ಸಾಮಾನ್ಯವಂತೆ. ಬೇಲೂರಿನಲ್ಲಿ ಟೆನಿಸ್ ಎಲ್ಲಿಂದ ತರುವುದು? ನಮ್ಮ ಮನೆಯ ಹಿಂದಿನ ಗೋಡೆಗೆ ಚೆಂಡು ಬಡಿದು ಬಡಿದು ಸುಣ್ಣ ಉದುರಿಸಿದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಏನ್ರೀ ಇದು ಮಧ್ಯಾಹ್ನದ ಹೊತ್ತು ಧಬಧಬ" ಎಂದು ಕೇಳುವಂತಾಯಿತು. ಆಗ ನಮ್ಮ ಯಜಮಾನರಿಗೆ ಇದ್ದಕ್ಕಿದ್ದಂತೆ ಯೌವನ ಬಂತು.

ನಮ್ಮ ಯಜಮಾನರು ತಾಲ್ಲೂಕು ಕಚೇರಿಯ ಗುಮಾಸ್ತರು. ಹೊಟ್ಟೆ ಮುಂದೆ, ಅವರು ಹಿಂದೆ. ಆದರೆ ಕಾಲೇಜಿನಲ್ಲಿದ್ದಾಗ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರಂತೆ. ಹಳದಿ ಉಣ್ಣೆಯ ಚೆಂಡಿನ ಆ ಆಟ ನಮ್ಮ ಕಡೆಯವರಿಗೆಲ್ಲ ಗೊತ್ತು. ಚೆಂಡು ನೆಲ ಮುಟ್ಟಿತೋ, ಪಾಯಿಂಟು ಹೋಯಿತು. ಇವರು ಆ ಹುಡುಗಿಯನ್ನು ಭಾನುವಾರ ಭಾನುವಾರ ಹಗರೆಗೆ ಕರೆದುಕೊಂಡು ಹೋಗತೊಡಗಿದರು. ಅಲ್ಲಿ ಅತ್ತೆಯವರ ಪಾಲಿನ ಹೊಲ, ಹೊಲದ ತಲೆಯಲ್ಲಿ ಒಂದು ಕಣ. ಊರಿನವರೆಲ್ಲ ರಾಗಿ ತೆನೆಯನ್ನು ಡಾಂಬರು ರಸ್ತೆಗೆ ಹರಡಿ ಬಸ್ಸಿನ ಚಕ್ರಕ್ಕೆ ಒಪ್ಪಿಸಿ ಕೂತರೂ ಅತ್ತೆಯವರು ಮಾತ್ರ ವರ್ಷಾವರ್ಷ ಕಣ ಕೆತ್ತಿಸಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಕಲ್ಲಿನ ಗುಂಡು ಹೊಡೆಸುವವರು. ಎರಡು ಗಳ ನೆಟ್ಟು, ನಡುವೆ ಹಳೆಯ ಸೀರೆಯೊಂದನ್ನು ಬಿಗಿದರೆ ಟೆನಿಸ್ ಕೋರ್ಟು ಆಯಿತು.

ಸಗಣಿ ಸಾರಿಸಿದ ನೆಲದಲ್ಲಿ ಟೆನಿಸ್ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ಒಂದು ಸಲ ಮೊಣಕಾಲಿಗೆ ಬಂದರೆ ಇನ್ನೊಂದು ಸಲ ಅಲ್ಲೇ ಸತ್ತು ಬೀಳುತ್ತದೆ. ಬಿಟ್ಟರೆ ಹಿಂದಿನ ಹುಲ್ಲಿನ ಮೆದೆಯೊಳಗೆ ಹೋಗಿ ಸೇರುತ್ತದೆ. ಮೆದೆಯಲ್ಲಿ ಕೈ ಹಾಕಿದರೆ ಚೇಳಿನ ಭಯ. ಯಜಮಾನರಿಗೋ ತಮ್ಮ ಹಳೆಯ ಆಟವೊಂದೇ ಗೊತ್ತು. "ನೆಲಕ್ಕೆ ಬಿಡಬ್ಯಾಡ ಮಗ, ಮುಂದಕ್ಕೆ ಬಂದು ಹೊಡಿ" ಎಂದು ಕಾನೂನು ಮಾಡಿಬಿಟ್ಟರು. ಟೆನಿಸ್ಸಿನಲ್ಲಿ ಚೆಂಡು ಒಂದು ಸಲ ನೆಲಕ್ಕೆ ಬಿದ್ದರೂ ಆಡಬಹುದು ಎಂದು ಹುಡುಗಿ ಹೇಳಿದಳಂತೆ. "ಅದು ನಿಮ್ಮೂರಲ್ಲಿ. ಹಗರೇಲಿ ಹಿಂಗೆ" ಎಂದರಂತೆ ಇವರು. ಅವಳು ಒಪ್ಪಿಕೊಂಡಳು. ಮೂರು ವರ್ಷ ಆ ಕಣದಲ್ಲಿ ಚೆಂಡು ನೆಲ ಮುಟ್ಟುವ ಮೊದಲೇ ಓಡಿ ಬಂದು ಹೊಡೆದಳು, ಅದೂ ಬರಿಗಾಲಿನಲ್ಲಿ. ಕಣದೊಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವುದುಂಟೇ?

ಒಂದು ಅನಾಹುತವನ್ನೂ ಹೇಳಬೇಕು. ಒಕ್ಕಣೆ ಮುಗಿದು ರಾಗಿಯ ರಾಶಿ ಮಾಡಿ, ನೆತ್ತಿಯ ಮೇಲೆ ಸಗಣಿಯ ಬೆನಕನನ್ನಿಟ್ಟು ಹೂವು ಏರಿಸಿದ್ದರು. ಎಲ್ಲರೂ ಕೈಮುಗಿದು ನಿಂತ ಹೊತ್ತಿಗೆ ಎಲ್ಲಿಂದಲೋ ಬಂದ ಚೆಂಡು ಬೆನಕನ ತಲೆಗೇ ಬಡಿದು, ದೇವರು ಉರುಳಿಕೊಂಡು ನನ್ನ ಕಾಲ ಬಳಿ ಬಂತು. ಹುಡುಗಿ ರ‍್ಯಾಕೆಟ್ಟನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅತ್ತೆಯವರು ಬೆನಕನನ್ನು ಎತ್ತಿ ಕಣ್ಣಿಗೊತ್ತಿ, ಮತ್ತೆ ಮೇಲಿಟ್ಟು, "ಬೆನಕಪ್ಪಂಗೂ ಆಟ ಆಡೋ ಆಸೆ ಆಗೈತೆ. ಕುಂತ್ಕ ಮಗ, ರಾಶಿ ಅಳೆಯಗಂಟ ತುಟಿ ಬಿಚ್ಚಬ್ಯಾಡ" ಎಂದರು. ರಾಶಿ ಅಳೆಯುವಾಗ ಯಾರೂ ಮಾತಾಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಬಾಯಿ ಮುಚ್ಚದ ಆ ಹುಡುಗಿ ಕೈಕಟ್ಟಿ ಕೂತು, ಕೊನೆಯ ಕೊಳಗದವರೆಗೆ ತುಟಿ ಎರಡು ಮಾಡಲಿಲ್ಲ. ಶಾಲೆಯಲ್ಲಿ ನನಗೆ ಅದನ್ನು ಒಂದು ದಿನವೂ ಮಾಡಿಸಲು ಆಗಿರಲಿಲ್ಲ ಎಂದು ಹೊಟ್ಟೆ ಉರಿಯಿತು.

ಅರಸೀಕೆರೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಒಂದು ಹಳೆಯ ಟೆನಿಸ್ ಕೋರ್ಟನ್ನು ತಾವೇ ನೀರು ಹಾಕಿ, ಸುಣ್ಣದ ಗೆರೆ ಎಳೆದು ಕಾಪಾಡಿಕೊಂಡಿದ್ದರು. ಯಾರೋ ಹೇಳಿ ಯಜಮಾನರು ಅವಳನ್ನು ಅಲ್ಲಿಗೆ ಕರೆದೊಯ್ದರು. ಆವತ್ತು ನಾನೂ ಹೋಗಿದ್ದೆ. ಹಿರಿಯರು ಆಚೆ ಬದಿಯಿಂದ ಮೆಲ್ಲಗೆ ಒಂದೊಂದೇ ಚೆಂಡು ಕಳಿಸಿದರು. ಇವಳು ಒಂದನ್ನೂ ನೆಲಕ್ಕೆ ಬಿಡದೆ, ಓಡೋಡಿ ಬಂದು ಅವರ ಎದೆಗೇ ಹೊಡೆದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಯಾರಮ್ಮ ನಿನಗೆ ಟೆನಿಸ್ ಕಲಿಸಿದ್ದು?" ಎಂದರು. ಅವಳು ಯಜಮಾನರತ್ತ ಬೆರಳು ತೋರಿಸಿದಳು. ಇವರು ಹೊಟ್ಟೆ ಒಳಗೆಳೆದುಕೊಂಡು ನಿಂತರು. "ಸ್ವಾಮಿ, ಇದು ಟೆನಿಸ್ಸೇ ಅಲ್ಲ. ಆದರೆ ದಯವಿಟ್ಟು ಯಾರೂ ಇದನ್ನು ಬಿಡಿಸಬೇಡಿ" ಎಂದರು ಹಿರಿಯರು. ಚೆಂಡು ಬಿದ್ದು ಏಳುವುದನ್ನು ಕಾದು ಹೊಡೆಯುವುದನ್ನು ಅವಳು ಕಲಿತದ್ದು ಅವರಿಂದ. ನಮ್ಮ ಯಜಮಾನರ ಕಾನೂನನ್ನು ಅವರು ಮುಟ್ಟಲಿಲ್ಲ.

ತಾಯಿಯ ಸಂಶೋಧನೆ ಮುಗಿಯಿತು, ಹೊರಟರು. ಹೊರಡುವ ದಿನ ಹುಡುಗಿ ಅಳಲಿಲ್ಲ, ಅತ್ತವಳು ನಾನು. "ಬತ್ತೀನಿ ಅಕ್ಕ" ಎಂದು ಅವಳು ಹೇಳಿದ್ದನ್ನು ನಾನು ಸತ್ಯವಾಗಿಯೂ ನಂಬಿರಲಿಲ್ಲ.

ಫೋನು ಮಾತ್ರ ತಪ್ಪಲಿಲ್ಲ. ಹದಿನೆಂಟಕ್ಕೆ ಅಮೆರಿಕದ ಕಾಲೇಜೊಂದು ಟೆನಿಸ್ ಆಡುತ್ತಾಳೆಂದೇ ಕರೆದು ಸೀಟು ಕೊಟ್ಟಿತು. ಅಲ್ಲಿ ಓದು ಒಂದು ಕೈ, ಆಟ ಇನ್ನೊಂದು ಕೈ. ಕಾಲೇಜಿನ ತಂಡಕ್ಕಾಗಿ ಗೆದ್ದದ್ದೇ ಗೆದ್ದದ್ದು. ಅಲ್ಲಿನ ಕೋಚು, "ಅವಸರ ಮಾಡಬೇಡ, ಗೆರೆಯಿಂದ ಹಿಂದೆ ನಿಲ್ಲು, ಎದುರಾಳಿಯೇ ತಪ್ಪು ಮಾಡಲಿ" ಎಂದು ಅವಳ ಆಟ ಬದಲಾಯಿಸಿದ್ದರು. ಕಾಲೇಜಿನ ಮಟ್ಟದಲ್ಲಿ ಅದು ನಡೆಯಿತು. ಎದುರಾಳಿಗಳು ತಪ್ಪು ಮಾಡುತ್ತಿದ್ದರು, ಇವಳು ಗೆಲ್ಲುತ್ತಿದ್ದಳು. ಡಿಗ್ರಿಯೂ ಬಂತು.

ವೃತ್ತಿಪರ ಟೆನಿಸ್ಸಿಗೆ ಇಳಿದ ಮೇಲೆ ಕಥೆ ಬೇರೆಯಾಯಿತು. ಅಲ್ಲಿ ಯಾರೂ ಸುಮ್ಮನೆ ತಪ್ಪು ಮಾಡುವುದಿಲ್ಲವಂತೆ. ಊರಿಂದ ಊರಿಗೆ ಹೋಗುವುದು, ಸೋಲುವುದು, ಬಟ್ಟೆ ಒಗೆದುಕೊಳ್ಳುವುದು, ಮತ್ತೆ ಬಸ್ಸು ಹತ್ತುವುದು. ಒಂದು ಸಲ ಯಾವುದೋ ಹೆಸರು ಕೇಳದ ಊರಿನಿಂದ ಫೋನು ಮಾಡಿದಳು.

"ಸೋತೆ ಅಕ್ಕ. ನೋಡಕ್ಕೆ ಇಬ್ರು ಮನುಷ್ಯರು, ಒಂದ್ ನಾಯಿ ಬಂದಿದ್ರು. ಕಡೇಗಂಟ ಇದ್ದಿದ್ದು ನಾಯಿ ಒಂದೇಯ."

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಇಬ್ಬರಿಗೂ ನಗು ನಿಂತುಹೋಯಿತು. ಅತ್ತೆಯವರು ಫೋನು ಕಿತ್ತುಕೊಂಡು ಕೇಳಿದ್ದು, "ಉಂಡ್ಯಾ?" ಎಂದಷ್ಟೇ. ಅವರು ಯಾವತ್ತೂ ಗೆದ್ದೆಯಾ ಎಂದು ಕೇಳಿದವರಲ್ಲ.

ತಾಯಿಗೆ ಮಗಳ ಕಷ್ಟ ನೋಡಲಾಗಲಿಲ್ಲ. ಇಬ್ಬರೂ ಕೂತು ಒಂದು ಮಾತಿಗೆ ಬಂದರು. ಎರಡು ವರ್ಷ ಆಡುವುದು. ಅಷ್ಟರಲ್ಲಿ ಒಂದಾದರೂ ಟೂರ್ನಿ ಗೆಲ್ಲದಿದ್ದರೆ ಊರಿಗೆ ಮರಳಿ ಕೆಲಸಕ್ಕೆ ಸೇರುವುದು. ತಾಯಿಯ ಪರಿಚಯದವರ ಕಂಪನಿಯಲ್ಲಿ ಒಂದು ಹುದ್ದೆಯೂ ಸಿದ್ಧವಿತ್ತು. ಎರಡು ವರ್ಷ ಮುಗಿಯುವ ಹೊತ್ತಿಗೆ ಉಳಿದದ್ದು ಬೆಂಗಳೂರಿನ ಒಂದು ಟೂರ್ನಿ ಮಾತ್ರ. ಅದು ದೊಡ್ಡದೇನಲ್ಲ, ಮೇಲೇರಲು ಹೊರಟವರೆಲ್ಲ ಹಾಯ್ದು ಹೋಗುವ ಥರದ್ದು. "ಕಡೇದ್ನ ನಿಮ್ಮತ್ರಾನೇ ಆಡಿ ಮುಗಿಸ್ತೀನಿ ಅಕ್ಕ. ಸೋತ್ರೆ ಸೋಮವಾರ ಆ ಕಂಪ್ನಿಯವರಿಗೆ ಹೂಂ ಅಂತ ಹೇಳ್ಬೇಕು" ಎಂದಳು. ಆ "ಮುಗಿಸ್ತೀನಿ" ಕೇಳಿ ನಾನು ಫೋನನ್ನು ಅತ್ತೆಯವರ ಕೈಗೆ ಕೊಟ್ಟುಬಿಟ್ಟೆ.

ಅವಳು ಫೈನಲ್ಲಿಗೆ ಬಂದಾಗ ನಾವು ಮೂವರೂ ಹೊರಟೆವು. ಎದುರಾಳಿ ನಮ್ಮ ದೇಶದವಳೇ, ಒಳ್ಳೆಯ ಆಟಗಾರ್ತಿ. ಜನರೆಲ್ಲ ಅವಳ ಕಡೆ, ಅದು ಸಹಜವೇ. ನಾವು ಮೂವರು ಮಾತ್ರ ಈ ಹಳದಿ ಜಡೆಯವಳಿಗೆ ಚಪ್ಪಾಳೆ ತಟ್ಟುತ್ತಿದ್ದೆವು. ಹಿಂದೆ ಕೂತಿದ್ದವರೊಬ್ಬರು ತಡೆಯಲಾರದೆ ಕೇಳಿದರು:

"ಅಲ್ಲಮ್ಮ, ನಮ್ಮ ದೇಶದ ಹುಡುಗಿ ಆಡ್ತಿದ್ರೆ ನೀವು ಫಾರಿನ್ನವಳಿಗೆ ಚಪ್ಪಾಳೆ ಹೊಡೀತೀರಲ್ಲ?"

ಅತ್ತೆಯವರು ತಿರುಗಿ ನೋಡಿದರು. "ಯಾವ ಫಾರಿನ್ನಪ್ಪ? ನಮ್ ಹಗರೆ ಹುಡ್ಗಿ ಅದು."

"ಹಗರೆನಾ? ಅದ್ಯಾವ ದೇಶ?"

"ಬೇಲೂರತ್ರ" ಎಂದರು ಅತ್ತೆಯವರು. ಆತ ಪಕ್ಕದವರ ಮುಖ ನೋಡಿ ನಕ್ಕರು.

ಮೊದಲ ಸೆಟ್ಟು ಹೋಯಿತು. ನನಗೆ ಟೆನಿಸ್ ತಿಳಿಯದಿದ್ದರೂ ಸೋಲು ತಿಳಿಯುತ್ತದೆ. ನಮ್ಮವಳು ಗೆರೆಯಿಂದ ಎಷ್ಟೋ ಹಿಂದೆ ನಿಂತು, ಬಂದ ಚೆಂಡನ್ನೆಲ್ಲ ಹಿಂದಿರುಗಿಸುತ್ತ ಎದುರಾಳಿಯ ತಪ್ಪಿಗೆ ಕಾಯುತ್ತಿದ್ದಳು. ಎದುರಿನ ಹುಡುಗಿ ತಪ್ಪು ಮಾಡಲಿಲ್ಲ. "ಯಾಕೆ ಹಿಂದೆ ನಿಂತವ್ಳೆ? ಇವ್ಳನ್ನ ಯಾರು ಹಿಂದೆ ನಿಲ್ಸಿದ್ದು?" ಎಂದು ಯಜಮಾನರು ತೊಡೆ ಬಡಿದುಕೊಂಡರು. ಎರಡನೇ ಸೆಟ್ಟಿನಲ್ಲೂ ಹಿಂದೆ ಬಿದ್ದಳು. ಸೋಮವಾರ ಆ ಕಂಪನಿಗೆ ಅವಳು ಹೂಂ ಎನ್ನುವುದು ನನ್ನ ಕಿವಿಗೆ ಆಗಲೇ ಕೇಳುತ್ತಿತ್ತು. ದೇವರೇ, ಹಾಳಾದ ಆಟ ಎಂದುಕೊಂಡೆ. ಅದರ ಮೇಲೆ ನನಗೆ ಇಷ್ಟು ಆಸೆ ಯಾವಾಗ ಹುಟ್ಟಿತೋ ಗೊತ್ತಿಲ್ಲ.

ಇನ್ನೊಂದು ಚೆಂಡು ಅವಳನ್ನು ದಾಟಿ ಹೋಯಿತು. ಅವಳು ಜಡೆಯ ತುದಿ ಕಚ್ಚಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ತನ್ನನ್ನು ತಾನು ಬೈದುಕೊಂಡಳು:

"ಅಲ್ಲ ಕಣೇ, ಅಷ್ಟ್ ಹಿಂದ್ಕೆ ನಿಂತ್ಕಂಡು ಯಾವುದ್ಕೆ ಕಾಯ್ತಿದೀಯೇ? ಹಾಸನದ್ ಬಸ್ಸಿಗಾ?"

ಮೊದಲು ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿ ಇಡೀ ಮೈದಾನ ನಕ್ಕಿತು. ಎತ್ತರದ ಕುರ್ಚಿಯ ಅಂಪೈರಿಗೆ ಕನ್ನಡ ಬರದು, ಪಾಪ, ಸುತ್ತ ನೋಡುತ್ತ ಸುಮ್ಮನಿರಿ ಸುಮ್ಮನಿರಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡರು. ಹಿಂದಿನವರು ಮುಂದಕ್ಕೆ ಬಾಗಿ, "ಅಮ್ಮ, ನಿಜವಾಗ್ಲೂ ಹಗರೆಯವಳೇನಾ?" ಎಂದರು. "ಮತ್ತೆ ನಾನೇನು ಸುಳ್ಳೇಳ್ತೀನಾ?" ಎಂದರು ಅತ್ತೆಯವರು.

ಮುಂದಿನ ಚೆಂಡಿಗೆ ಅವಳು ಗೆರೆಯೊಳಕ್ಕೆ ಕಾಲಿಟ್ಟಳು. ಅದರ ಮುಂದಿನದಕ್ಕೆ ಇನ್ನೂ ಒಳಕ್ಕೆ. ಚೆಂಡು ನೆಲ ಮುಟ್ಟುವ ಮೊದಲೇ ಓಡಿ ಬಂದು ಹೊಡೆದಳು. ಎದುರಿನ ಹುಡುಗಿಗೆ ಉಸಿರಾಡಲು ಪುರುಸೊತ್ತಿಲ್ಲ. ಕಾಲೇಜಿನ ಪಾಠ ವ್ಯರ್ಥವಾಗಲಿಲ್ಲ, ಹಿಂದೆ ನಿಲ್ಲಬೇಕಾದಾಗ ನಿಂತಳು. ಆದರೆ ಸಂದು ಸಿಕ್ಕಿತೋ, ಹಗರೆಯ ಕಣದ ಕಾನೂನು. ಎರಡನೇ ಸೆಟ್ಟು ಅವಳ ಕೈಗೆ ಬಂತು. ಯಜಮಾನರು ಹೊರಗೆ ಓಡಿ ಅರಸೀಕೆರೆಯ ಹಿರಿಯರಿಗೆ ಫೋನು ಮಾಡಿ, "ಸ್ವಾಮಿ, ಶುರುವಾಯ್ತು" ಎಂದಷ್ಟೇ ಹೇಳಿ ಓಡಿಬಂದರು. ಮೂರನೇ ಸೆಟ್ಟಿನ ಹೊತ್ತಿಗೆ ಜನ ಇಬ್ಭಾಗವಾಗಿದ್ದರು. ಒಂದು ಕಡೆಯಿಂದ ನಮ್ಮ ದೇಶದ ಹುಡುಗಿಗೆ ಜೈಕಾರ, ಇನ್ನೊಂದು ಕಡೆಯಿಂದ, "ಬಾರೇ ಹಗರೆ ಹುಡ್ಗಿ, ಬಸ್ ಬಂತು ಹತ್ತೇ" ಎಂಬ ಕೂಗು. ಕೂಗುತ್ತಿದ್ದವರಲ್ಲಿ ಹಿಂದಿನವರದೇ ದೊಡ್ಡ ಗಂಟಲು.

ಕೊನೆಯ ಪಾಯಿಂಟಿನಲ್ಲಿ ಚೆಂಡು ಎತ್ತರಕ್ಕೆ ಹೋಯಿತು. ಬಿಟ್ಟರೆ ಬೀಳುತ್ತಿತ್ತು, ಬಿದ್ದು ಎದ್ದ ಮೇಲೆ ಸಾವಕಾಶ ಹೊಡೆಯಬಹುದಿತ್ತು. ಅವಳು ಬಿಡಲಿಲ್ಲ. ಮುಂದಕ್ಕೆ ಹಾರಿ ಗಾಳಿಯಲ್ಲೇ ಹೊಡೆದು, ಅದು ಎಲ್ಲಿ ಬಿತ್ತೆಂದು ನೋಡದೆ ರ‍್ಯಾಕೆಟ್ಟು ಬಿಟ್ಟು ಕೈ ಮೇಲೆತ್ತಿದಳು. ನಾನು ಎದ್ದು ನಿಂತು ಕಿರುಚಿದೆನಂತೆ, ನನಗೆ ನೆನಪಿಲ್ಲ. ಅಳುತ್ತಿದ್ದದ್ದು ನೆನಪಿದೆ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಕೊಟ್ಟದ್ದು ಬೇರೆ ಯಾವುದೂ ನೆನಪಿಗೆ ಬರುವುದಿಲ್ಲ. ನನ್ನ ಮದುವೆಯೂ ಸೇರಿದಂತೆ ಎಂದು ಯಜಮಾನರ ಎದುರಿಗೇ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ಪೇಪರಿನ ಹುಡುಗರು ಸುತ್ತುವರಿದು ನಿಮ್ಮ ಕೋಚ್ ಯಾರೆಂದು ಕೇಳಿದರು. ಅವಳು ಕನ್ನಡದಲ್ಲೇ, "ಒಬ್ರಾ, ಇಬ್ರಾ? ಅಗೋ ಅಲ್ಲಿ ಅವ್ರಲ್ಲ, ಹೊಟ್ಟೆಯವರು, ಅವ್ರೇ ಮೊದಲ್ನೇರು" ಎಂದಳು. ಯಜಮಾನರು ನನ್ನ ಹಿಂದೆ ಅವಿತುಕೊಂಡರು. ಅತ್ತೆಯವರು ಮೊದಲು ಸೋತ ಹುಡುಗಿಯ ಬಳಿ ಹೋಗಿ ಗಲ್ಲ ಸವರಿ, "ನೀನೂ ಚೆನ್ನಾಗಾಡ್ದೆ ಕಣವ್ವ" ಎಂದರು. ಆಮೇಲೆ ನಮ್ಮವಳ ಬಳಿ ಬಂದು, "ಉಂಡ್ಯಾ?" ಎಂದರು.

ಅವಳು ನಮ್ಮ ಜೊತೆಯೇ ಬೇಲೂರಿಗೆ ಬಂದಳು. ಭಾನುವಾರವಿಡೀ ನಿದ್ದೆ ಮಾಡಿದಳು. ತಾಯಿಯೊಂದಿಗೆ ಮಾತಾಡಿ ಆಗಿತ್ತು. ಗೆದ್ದದ್ದಾಯಿತು, ಇನ್ನು ನಿನ್ನ ಇಷ್ಟ ಎಂದಿದ್ದರಂತೆ. ಆದರೂ ಆ ಕಂಪನಿಯವರಿಗೆ ಇವಳು ಏನು ಹೇಳುತ್ತಾಳೋ ನಮಗೆ ಗೊತ್ತಿರಲಿಲ್ಲ. ಒಂದು ಟೂರ್ನಿಯಿಂದ ಬದುಕು ದಡ ಸೇರುವುದಿಲ್ಲ ಎಂಬಷ್ಟು ಬುದ್ಧಿ ನಮಗೂ ಇತ್ತು.

ಸೋಮವಾರ ಮಧ್ಯಾಹ್ನ ಜಗುಲಿಯಲ್ಲಿ ಕೂತು ರಾಗಿರೊಟ್ಟಿ ತಿನ್ನುತ್ತಿದ್ದಾಗ ಆ ಕಂಪನಿಯವರಿಂದ ಅವಳಿಗೆ ಫೋನು ಬಂತು. ಎಡಗೈಯಲ್ಲಿ ಎತ್ತಿಕೊಂಡು ತನ್ನ ಭಾಷೆಯಲ್ಲಿ ಮಾತಾಡಿದಳು. ಮರ್ಯಾದೆಯ ದನಿ, ನಾಲ್ಕೇ ನಾಲ್ಕು ಮಾತು. ಅತ್ತೆಯವರು ಅವರೆಕಾಯಿ ಮೊರ ಕೆಳಗಿಟ್ಟಿದ್ದರು. ಯಜಮಾನರು ಊಟ ಮುಗಿಸಿ ಮತ್ತೆ ಆಫೀಸಿಗೆ ಹೊರಟವರು ಒಂದು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಅವಳು ಫೋನು ಕೆಳಗಿಟ್ಟು ರೊಟ್ಟಿ ಮುರಿದಳು.

"ಏನಂದೆ ಮಗ?" ಎಂದರು ಅತ್ತೆಯವರು.

"ಆ ಕೆಲ್ಸ ಇನ್ಯಾರಿಗಾದ್ರೂ ಕೊಟ್ಬುಡಿ ಅಂದೆ ಅಜ್ಜಿ. ನಂಗೆ ಕೆಲ್ಸ ಐತೆ ಅಂದೆ."